ಬ್ರಿಟನ್ನಿನ ಕಾರನ್ನು ಮಲೆನಾಡಿಗೆ ತರಬೇಕಾ? ಹೊಸದಾಗಿ ಹೋದವರಿಗೆ ಒಂದಿಷ್ಟು ಲೆಕ್ಕ

ಶಿವಮೊಗ್ಗ, ಸಾಗರ, ಹೊಸನಗರ ಕಡೆಯಿಂದ ಬ್ರಿಟನ್‌ಗೆ ಹೋದವರು ಅಲ್ಲಿ ಮೊದಲ ಕಾರು ತೆಗೆದುಕೊಂಡ ಸ್ವಲ್ಪ ದಿನಕ್ಕೇ ಫೋನ್ ಮಾಡುತ್ತಾರೆ. "ಅಣ್ಣಾ, ವಾಪಸ್ ಬರುವಾಗ ಈ ಗಾಡಿನೇ ಊರಿಗೆ ತಂದುಬಿಟ್ಟರೆ ಹೇಗೆ?" ಕೇಳುವುದು ಸಹಜ. ಅಲ್ಲೂ ಎಡಗಡೆಯೇ ಓಡಿಸುವುದು, ಸ್ಟೇರಿಂಗ್ ಬಲಗಡೆಯೇ ಇರುವುದು. ಕಾರು ಗಟ್ಟಿಯಾಗಿದೆ, ಸೆಕೆಂಡ್ ಹ್ಯಾಂಡ್ ಬೆಲೆ ನಮ್ಮಲ್ಲಿಗಿಂತ ಕಡಿಮೆ ಅನ್ನಿಸುತ್ತದೆ. ನಾನು ಅಲ್ಲಿ ಬಹಳ ವರ್ಷ ಇದ್ದು, ಈಗ ತೀರ್ಥಹಳ್ಳಿ ಹತ್ತಿರ ಮನೆ, ತೋಟ ನೋಡಿಕೊಂಡಿದ್ದೇನೆ. ನನ್ನ ಉತ್ತರ ಒಂದೇ: ತರಬೇಡಿ. ಸುಮ್ನೆ ಹೇಳುತ್ತಿಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ಮೊದಲು ನಿಯಮ. ಬಳಸಿದ ಕಾರು ಭಾರತಕ್ಕೆ ಬರಬೇಕಾದರೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದು. ಸ್ಟೇರಿಂಗ್ ಬಲಗಡೆಯೇ ಇರಬೇಕು. ಸ್ಪೀಡೋಮೀಟರ್ ಕಿಲೋಮೀಟರ್‌ನಲ್ಲಿ ತೋರಿಸಬೇಕು. ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವಷ್ಟು ಗಟ್ಟಿ ಇದೆ ಎಂಬ ಸರ್ಟಿಫಿಕೇಟ್ ಬೇಕು. ಇಳಿಸುವುದು ಮುಂಬೈ ಬಂದರಿನಲ್ಲಿ ಮಾತ್ರ. ಮಂಗಳೂರು ನಮಗೆ ಹತ್ತಿರ ಇದ್ದರೂ ಅಲ್ಲಿ ಇಳಿಸುವ ಹಾಗಿಲ್ಲ. ದುಬೈ, ಅಮೆರಿಕ, ಜರ್ಮನಿಯಲ್ಲಿರುವವರು ಯೋಚಿಸುವ ಅಗತ್ಯವೇ ಇಲ್ಲ. ಅಲ್ಲಿನ ಸ್ಟೇರಿಂಗ್ ಎಡಗಡೆ, ಅಲ್ಲಿಗೆ ಮಾತು ಮುಗಿಯಿತು.

ಬ್ರಿಟನ್‌ನಲ್ಲಿರುವವರಿಗೆ ಇನ್ನೊಂದು ತೊಡಕಿದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೊಸಬರಲ್ಲಿ ಜಾಸ್ತಿ ಜನ ಕಾರು ತೆಗೆದುಕೊಳ್ಳುವುದು ಪಿಸಿಪಿ ಸಾಲದಲ್ಲಿ. ತಿಂಗಳ ಕಂತು ಕಟ್ಟುತ್ತಿದ್ದರೂ ಕೊನೆಯ ದೊಡ್ಡ ಮೊತ್ತ ಕಟ್ಟುವವರೆಗೆ ಗಾಡಿ ಫೈನಾನ್ಸ್ ಕಂಪನಿಯದು. ಆ ಸಾಲ ಸಾಮಾನ್ಯವಾಗಿ ಮೂರು, ನಾಲ್ಕು ವರ್ಷದ್ದು. ಅಂದರೆ ಕಾರು ನಿಮ್ಮದಾಗುವ ಹೊತ್ತಿಗೆ ಭಾರತಕ್ಕೆ ತರುವ ವಯಸ್ಸು ಮೀರಿರುತ್ತದೆ. ಅಲ್ಲಿ ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ಎಂಒಟಿ ಪರೀಕ್ಷೆ ಮೊದಲ ಸಲ ಬರುವುದು ಮೂರನೇ ವರ್ಷಕ್ಕೆ. ಆ ಪರೀಕ್ಷೆಗೆ ಬಂದ ಕಾರನ್ನು ಊರಿಗೆ ತರುವ ಆಸೆ ಬಿಟ್ಟುಬಿಡಿ.

ಕಾಗದಪತ್ರ ಇದ್ದದ್ದೇ: ವಿ5ಸಿ ಲಾಗ್‌ಬುಕ್‌ನ (ಗಾಡಿಯ ನೋಂದಣಿ ಪತ್ರ) ಎಕ್ಸ್‌ಪೋರ್ಟ್ ಭಾಗ ತುಂಬಿ ಅಲ್ಲಿನ ವಾಹನ ನೋಂದಣಿ ಕಚೇರಿ ಡಿವಿಎಲ್‌ಎಗೆ ಕಳಿಸುವುದು, ಹಡಗಿನ ಬುಕಿಂಗ್, ವಿಮೆ, ಇಲ್ಲಿ ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯ ಪರೀಕ್ಷೆ, ಕೊನೆಗೆ ಆರ್‌ಟಿಓ.

ಈಗ ದುಡ್ಡು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮನೆ ಸಾಮಾನು ತರುವಾಗ ಸಿಗುವ ರಿಯಾಯಿತಿಯಲ್ಲಿ ಕಾರೂ ಸೇರುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಸೇರುವುದಿಲ್ಲ. ಬಳಸಿದ ಕಾರಿನ ಮೇಲೆ ಕಸ್ಟಮ್ಸ್‌ನಲ್ಲಿ ಒಟ್ಟು ಶೇ. 137.5 ಸುಂಕ. 2025ರ ಬಜೆಟ್‌ನಲ್ಲಿ ಮೂಲ ಸುಂಕವನ್ನು ಶೇ. 70ಕ್ಕೆ ಇಳಿಸಿದರು ಎಂದು ಸುದ್ದಿ ಬಂದಾಗ ಅಲ್ಲಿದ್ದ ನಮ್ಮವರು ಖುಷಿಪಟ್ಟರು. ಆದರೆ ಜೊತೆಗೇ ಶೇ. 67.5ರಷ್ಟು ಕೃಷಿ ಮೂಲಸೌಕರ್ಯ ಸೆಸ್ ಸೇರಿಸಿದರು. ಹೆಸರು ಬದಲಾಯಿತು, ಮೊತ್ತ ಹಾಗೇ ಉಳಿಯಿತು. ಅದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಅದು ಶೇ. 40.

ಹಡಗಿನ ಬಾಡಿಗೆ, ವಿಮೆ ಎಲ್ಲಾ ಸೇರಿ 20 ಲಕ್ಷ ರೂಪಾಯಿಯ ಕಾರು ಅಂತ ಇಟ್ಟುಕೊಳ್ಳಿ. ಸುಂಕ 27.5 ಲಕ್ಷ. ಸೇರಿದರೆ 47.5 ಲಕ್ಷ. ಅದರ ಮೇಲೆ ಜಿಎಸ್‌ಟಿ 19 ಲಕ್ಷ. ಮುಂಬೈ ಬಂದರಿನ ಗೇಟು ದಾಟುವಾಗಲೇ 66.5 ಲಕ್ಷ ಆಯಿತು. ಆಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ. 20 ಲಕ್ಷ ದಾಟಿದ ಕಾರಿಗೆ ಶೇ. 18, ಮೇಲೆ ಸೆಸ್. ಕೆಎ-14 ಎಂದು ನಂಬರ್ ಹಾಕಿಸುವ ಹೊತ್ತಿಗೆ 80 ಲಕ್ಷದ ಹತ್ತಿರ ಬಂದಿರುತ್ತೀರಿ. ಅಡಿಕೆ ತೋಟ ಇರುವ ಮನೆಯವರಿಗೆ ಈ ಮೊತ್ತ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ.

ಅಲ್ಲಿ ಸೋವಿಗೆ ಸಿಕ್ಕಿತು ಅನ್ನುವುದೂ ಕೆಲಸಕ್ಕೆ ಬರುವುದಿಲ್ಲ. ಕಸ್ಟಮ್ಸ್‌ನವರು ನೀವು ಕೊಟ್ಟ ಬೆಲೆ ನೋಡುವುದಿಲ್ಲ. ಆ ಕಾರು ಹೊಸದಿದ್ದಾಗ ಎಷ್ಟಿತ್ತೋ ಅಲ್ಲಿಂದ ಶುರು ಮಾಡಿ, ವಯಸ್ಸಿಗೆ ತಕ್ಕಂತೆ ತಮ್ಮ ಲೆಕ್ಕದಲ್ಲಿ ಕಳೆಯುತ್ತಾರೆ. ಬಂದರಿನಲ್ಲಿ ಕಾಗದ ತಡವಾದರೆ ನಿಂತ ಪ್ರತಿ ದಿನಕ್ಕೂ ಬಾಡಿಗೆ. ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈನಲ್ಲಿ ಸಹಿ ಬಿದ್ದಾಗಲೂ ಇದೇ ಆಸೆ ಹುಟ್ಟಿತ್ತು. ಅದರ ಸುಂಕ ರಿಯಾಯಿತಿ ಬ್ರಿಟನ್‌ನಲ್ಲೇ ತಯಾರಾದ ಕಾರುಗಳಿಗೆ, ವರ್ಷಕ್ಕೆ ಇಂತಿಷ್ಟು ಎಂಬ ಮಿತಿಯೊಳಗೆ. ಅದನ್ನು ನಂಬಿಕೊಂಡು ನಿಮ್ಮ ಮನೆ ಮುಂದಿನ ಗಾಡಿಗೆ ಹಡಗು ಬುಕ್ ಮಾಡಬೇಡಿ.

ದುಡ್ಡು ಇದೆ, ತರುತ್ತೇನೆ ಅನ್ನುವವರಿಗೂ ನನ್ನದೊಂದು ಪ್ರಶ್ನೆ ಇದೆ. ಊರಿನಲ್ಲಿ ಆ ಕಾರು ಯಾರಿಗಾಗಿ?

ನಮ್ಮ ಕಡೆ ಕಾರು ಬೇಕಾಗುವುದು ಪುನರ್ವಸು, ಪುಷ್ಯ ಮಳೆಯಲ್ಲಿ. ರಾತ್ರಿ ಅಮ್ಮನಿಗೆ ಎದೆನೋವು ಅಂದರೆ ಶಿವಮೊಗ್ಗಕ್ಕೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಹೊರಡಬೇಕು. ಹದಿನಾಲ್ಕು ತಿರುವು, ಮಂಜು, ಎಲ್ಲಿ ದರೆ ಕುಸಿದಿದೆಯೋ ಗೊತ್ತಿಲ್ಲ. ಮನೆಯಿಂದ ಟಾರ್ ರಸ್ತೆ ಸೇರುವುದಕ್ಕೇ ಕೆಮ್ಮಣ್ಣಿನ ಏರು ಹತ್ತಬೇಕು. ಬ್ರಿಟನ್‌ನ ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳ ಹೊಟ್ಟೆ ನೆಲದಿಂದ ಸುಮಾರು 140 ಮಿಲಿಮೀಟರ್ ಎತ್ತರ ಅಷ್ಟೇ. ನಮ್ಮ ತೋಟದ ದಾರಿಯ ಕಲ್ಲಿಗೆ ಅದು ಸಾಲದು. ಸ್ಟೆಪ್ನಿಯನ್ನೂ ನೋಡಿ. ಬ್ರಿಟನ್‌ನ ಎಷ್ಟೋ ಹೊಸ ಕಾರುಗಳಲ್ಲಿ ಸ್ಟೆಪ್ನಿ ಇರುವುದೇ ಇಲ್ಲ, ಟೈರಿಗೆ ತುಂಬುವ ಅಂಟಿನ ಬಾಟಲಿ ಮಾತ್ರ. ಟೈರು ಪಕ್ಕದಲ್ಲಿ ಹರಿದರೆ ಆ ಬಾಟಲಿ ಏನೂ ಮಾಡುವುದಿಲ್ಲ. ಮಳೆಯಲ್ಲಿ, ನೆಟ್‌ವರ್ಕ್ ಇಲ್ಲದ ಕಡೆ, ಅಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಏನು ಮಾಡುತ್ತೀರಿ?

ರಿಪೇರಿಯೂ ಅಷ್ಟೇ. ತೀರ್ಥಹಳ್ಳಿಯ ಮೆಕ್ಯಾನಿಕ್‌ಗಳ ಕೈ ತುಂಬಾ ಒಳ್ಳೆಯದು. ಆದರೆ ಭಾರತದಲ್ಲಿ ಮಾರಾಟವೇ ಆಗದ ಮಾಡೆಲ್‌ಗೆ ಒಂದು ಸೆನ್ಸರ್ ಬೇಕೆಂದರೆ ಅವರು ಎಲ್ಲಿಂದ ತರಬೇಕು? ಬ್ರಿಟನ್‌ನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲ್ ಅಂದರೆ ಶೇ. 10 ಎಥನಾಲ್ ಇರುವುದು. ಇಲ್ಲಿ ಈಗ ಶೇ. 20. ಆ ಕಾರಿನ ಪೈಪು, ರಬ್ಬರು ಇದಕ್ಕೆ ತಕ್ಕದ್ದೇ ಅಂತ ಕಂಪನಿ ಬರೆದುಕೊಟ್ಟಿದೆಯೇ ನೋಡಿಕೊಳ್ಳಬೇಕು. ಜೊತೆಗೆ ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪು ತಿಂದ ತಳಕ್ಕೆ ನಮ್ಮ ಮಳೆ ಬಿದ್ದರೆ ತುಕ್ಕು ಬೇಗ ಏಳುತ್ತದೆ. ನೀವು ಇಲ್ಲದಾಗ ಶೆಡ್ಡಿನಲ್ಲಿ ನಿಂತ ಕಾರಿನ ಸೀಟಿಗೆ ಬೂಷ್ಟು, ವೈರಿಗೆ ಇಲಿ. ಇದನ್ನೆಲ್ಲ ನೋಡಿಕೊಳ್ಳುವವರು ವಯಸ್ಸಾದ ಅಪ್ಪ.

ಇಷ್ಟೆಲ್ಲ ಗೊತ್ತಿದ್ದೂ ಮನಸ್ಸು ಎಳೆಯುತ್ತದೆ. ಅದು ನನಗೆ ಅರ್ಥವಾಗುತ್ತದೆ. ಅಲ್ಲಿ ಮನೆ ಬಿಟ್ಟು ಹೊರಗೆ ಬಂದರೆ ಕನ್ನಡ ಕೇಳುವ ಜಾಗ ಕಾರಿನ ಒಳಗೆ ಮಾತ್ರ ಇತ್ತು. ಶಾಲೆಗೆ ಬಿಡುವಾಗ ಮಗಳು ಮಗ್ಗಿ ಹೇಳಿದ್ದು, ಅಜ್ಜಿಯ ಜೊತೆ ಸ್ಪೀಕರ್‌ನಲ್ಲಿ ಮಾತಾಡಿದ್ದು, ಹಬ್ಬದ ದಿನ ಕಡುಬಿನ ಡಬ್ಬಿ ಮಡಿಲಲ್ಲಿಟ್ಟುಕೊಂಡು ಸ್ನೇಹಿತರ ಮನೆಗೆ ಹೋದದ್ದು, ಎಲ್ಲಾ ಅದರಲ್ಲೇ. ಅದನ್ನು ಮಾರುವ ದಿನ ಮಕ್ಕಳು ಅಳುತ್ತಾರೆ. ಅಳಲಿ, ತಡೆಯಬೇಡಿ. ಊರಿಗೆ ಬಂದ ಮೇಲೆ ಸುತ್ತಲೂ ಕನ್ನಡವೇ ಇದೆ. ಆದರೆ ನನ್ನ ಮಕ್ಕಳು ಈಗ ಕಾರು ಹತ್ತಿದ ಕೂಡಲೇ ತಮ್ಮತಮ್ಮಲ್ಲಿ ಇಂಗ್ಲಿಷ್ ಶುರು ಮಾಡುತ್ತಾರೆ. ಅಲ್ಲಿ ಬಿಟ್ಟು ಬಂದ ಗೆಳೆಯರ ಮಾತು ಅದು. ನಾನು ಕನ್ನಡದಲ್ಲೇ ಮಾತಾಡಿ ಎಂದು ಗದರುವುದಿಲ್ಲ.

ಅಲ್ಲಿಂದ ತರಬೇಕಾದ್ದು ಮಕ್ಕಳ ಸೀಟು, ಬೆಲ್ಟಿನ ಅಭ್ಯಾಸ. ಇಲ್ಲಿ ಅಜ್ಜಿ "ಮಗು ನನ್ನ ಮಡಿಲಲ್ಲೇ ಕೂರಲಿ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು, ಆದರೂ ಒಪ್ಪಬೇಡಿ. ಸುರಕ್ಷತೆಗಾಗಿ ಹೊರಗಿನ ಕಾರೇ ಬೇಕು ಅನ್ನುವ ಮಾತೂ ಈಗ ಮೊದಲಿನಷ್ಟು ನಿಲ್ಲುವುದಿಲ್ಲ. 2023ರಲ್ಲಿ, ಕಾರನ್ನು ಡಿಕ್ಕಿ ಹೊಡೆಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಬಂತು. ಐದು ಸ್ಟಾರ್ ಪಡೆದ, ಇಲ್ಲೇ ತಯಾರಾದ ಕಾರುಗಳು ಶಿವಮೊಗ್ಗದ ಷೋರೂಮುಗಳಲ್ಲೇ ಇವೆ. ಇನ್ನು ಏರು ಹತ್ತುವ ಮಾತಿಗೆ ಬಂದರೆ, ಮಾರುತಿ ಸುಜುಕಿಯ ಐದು ಬಾಗಿಲಿನ ಜಿಮ್ನಿ ಹರಿಯಾಣದಲ್ಲಿ ತಯಾರಾಗಿ ಜಪಾನಿಗೆ ಹೋಗುತ್ತದೆ. 2025ರಲ್ಲಿ ಅಲ್ಲಿ ಬಿಡುಗಡೆಯಾದ ಕೆಲವೇ ದಿನಕ್ಕೆ ಆರ್ಡರ್ 50,000 ಮುಟ್ಟಿ ಬುಕಿಂಗ್ ನಿಲ್ಲಿಸಿದರು. ಅದರ ಹೊಟ್ಟೆ ನೆಲದಿಂದ 210 ಮಿಲಿಮೀಟರ್ ಎತ್ತರ, ನಾಲ್ಕೂ ಚಕ್ರಕ್ಕೆ ಎಳೆತ ಇದೆ. ನಮ್ಮ ಏರಿಗೆ ಇಂಥದ್ದೇ ಬೇಕು.

ವಾಪಸ್ ಬರುವುದು ಗಟ್ಟಿಯಾದ ಮೇಲೆ ಅಲ್ಲಿನ ಕಾರನ್ನು ಅಲ್ಲೇ ಮಾರಿ. ಪಿಸಿಪಿ ಇದ್ದರೆ ಸಾಲ ತೀರಿಸಲು ಎಷ್ಟು ಬೇಕೆಂದು ಬರಹದಲ್ಲಿ ಕೇಳಿ ಪಡೆಯಿರಿ. ಇಲ್ಲಿ ಬುಕಿಂಗ್ ಮಾಡುವಾಗ ಮಳೆಗಾಲಕ್ಕೆ ಮುಂಚೆ ಗಾಡಿ ಕೈಗೆ ಸಿಗುವ ಹಾಗೆ ನೋಡಿಕೊಳ್ಳಿ. ಬಣ್ಣ ಆರಿಸುವ ಮೊದಲು ಅಪ್ಪ ಅಮ್ಮನನ್ನು ಷೋರೂಮಿಗೆ ಕರೆದುಕೊಂಡು ಹೋಗಿ. ಹಿಂದಿನ ಸೀಟಿಗೆ ಅವರೇ ಹತ್ತಿ ಇಳಿದು ನೋಡಲಿ. ಜಿಮ್ನಿಯ ಥರದ ಗಾಡಿಗಳು ಮಂಡಿ ನೋವಿರುವವರಿಗೆ ಎತ್ತರವಾಗುತ್ತವೆ. ಆಗ ಫುಟ್‌ಸ್ಟೆಪ್ ಹಾಕಿಸಿ, ಇಲ್ಲವಾದರೆ ಸ್ವಲ್ಪ ತಗ್ಗಿನ ಮಾಡೆಲ್ ನೋಡಿ.