ಬೋಟಿಯ ಮೇಲೆ ಕರುಳು ಜೋಡಿಸುವ ಅಭ್ಯಾಸ: ನನ್ನ ಅನುಭವ

ಕರುಳಿನ ಎರಡು ತುದಿಗಳನ್ನು ಕೈಹೊಲಿಗೆಯಲ್ಲಿ ಜೋಡಿಸುವುದನ್ನು ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ (ಪಿಜಿಗಳಿಗೆ) ಕಲಿಸಲು ನಾನು ಬಳಸುವುದು ಮಟನ್ ಅಂಗಡಿಯ ಬೋಟಿ. ಗಂಟು ಹಾಕಿ ಕಲಿಯಲು ಸಿಲಿಕಾನ್ ಕರುಳು ಸಾಕು. ಆದರೆ ಸೂಜಿ ಸಬ್‌ಮ್ಯೂಕೋಸಾವನ್ನು, ಅಂದರೆ ಕರುಳಿನ ಒಳಪದರದ ಹಿಂದಿರುವ ಗಟ್ಟಿ ಪದರವನ್ನು, ಹಿಡಿದಾಗ ಬೆರಳಿಗೆ ತಿಳಿಯುವ ಆ ಬಿಗಿ ಅದರಲ್ಲಿ ಸಿಗುವುದಿಲ್ಲ. ಹೊಲಿಗೆಯನ್ನು ತಡೆದು ಹಿಡಿಯುವುದು ಆ ಪದರವೇ ಎಂದು ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ 1887ರಲ್ಲೇ ತೋರಿಸಿಕೊಟ್ಟಿದ್ದರು.

ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಡಬೇಕು: ಬಿಸಿನೀರು ಹಾಕಬೇಡಿ, ಸುಣ್ಣ ಹಚ್ಚಬೇಡಿ, ಕೆರೆಯಬೇಡಿ, ತುಂಡು ಮಾಡಬೇಡಿ, ಕೊಬ್ಬಿನ ಪೊರೆ ಬಿಡಿಸಬೇಡಿ. ಅಡುಗೆಗೆಂದು ಚೊಕ್ಕ ಮಾಡಿದ ಬೋಟಿ ನಮಗೆ ಉಪಯೋಗವಿಲ್ಲ. ಬಿಸಿನೀರು ಬಿದ್ದ ಕರುಳು ಸುರುಟಿ ಗಟ್ಟಿಯಾಗುತ್ತದೆ. ಕೆರೆದರೆ ಮ್ಯೂಕೋಸಾ (ಕರುಳಿನ ತೀರ ಒಳಗಿನ ಪದರ) ಹೋಗುತ್ತದೆ. ಪೊರೆ ಬಿಡಿಸಿದರೆ ಮೆಸೆಂಟರಿಯೇ (ಕರುಳಿಗೆ ರಕ್ತನಾಳ ತರುವ ಕೊಬ್ಬಿನ ಪೊರೆಯೇ) ಇರುವುದಿಲ್ಲ. ಸಣ್ಣ ಕರುಳಿನಲ್ಲಿ, ಚಪ್ಪಟೆಯಾಗಿ ಮಲಗಿಸಿದಾಗ ಎರಡು ಸೆಂ.ಮೀ. ಅಗಲ ಬರುವ ಭಾಗ ಆರಿಸಿ, ಒಳಗೆ ತಣ್ಣೀರು ಹಾಯಿಸಿ ತೊಳೆದು, 15 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಬೇರೆ ಕವರಿಗೆ ಹಾಕಿ ಫ್ರೀಜರಿನಲ್ಲಿಡುತ್ತೇನೆ. ಕರಗಿಸುವುದು ರಾತ್ರಿಯಿಡೀ ಫ್ರಿಜ್ಜಿನಲ್ಲಿ. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದರೆ ಒಳಪದರ ಲೋಳೆಯಾಗಿ ಕಿತ್ತು ಬರುತ್ತದೆ.

ತುಂಡನ್ನು ನಡುವೆ ಕತ್ತರಿಸಿ, ಎರಡೂ ತುದಿಗಳಲ್ಲಿ ಮೆಸೆಂಟರಿಯ ಕೊಬ್ಬನ್ನು ಅರ್ಧ ಸೆಂ.ಮೀ.ನಷ್ಟು ಬಿಡಿಸಿಕೊಳ್ಳಿ. ನೂಲು 3-0 ಗಾತ್ರದ ಪಾಲಿಗ್ಲಾಕ್ಟಿನ್ (ದೇಹದಲ್ಲಿ ತಾನೇ ಕರಗುವ ನೂಲು), ಸೂಜಿ ರೌಂಡ್ ಬಾಡಿ, ಅಂದರೆ ಕತ್ತರಿಸುವ ಅಂಚಿಲ್ಲದ ದುಂಡನೆಯದು. ಕಟಿಂಗ್ ಸೂಜಿ ಬೇಡವೇ ಬೇಡ, ಅದು ಗೋಡೆಯನ್ನು ಸೀಳುತ್ತದೆ. ಮೊದಲ ಸ್ಟೇ ಹೊಲಿಗೆ (ಅಂಚುಗಳನ್ನು ಎಳೆದು ಹಿಡಿಯಲು ಹಾಕುವ ಹೊಲಿಗೆ) ಮೆಸೆಂಟರಿ ಬದಿಯಲ್ಲಿ, ಎರಡನೆಯದು ಅದರ ಎದುರು ಬದಿಯಲ್ಲಿ. ಅವೆರಡನ್ನೂ ಎಳೆದು ಹಿಡಿದರೆ ಮುಂದಿನ ಗೋಡೆ ನೇರವಾಗಿ ನಿಲ್ಲುತ್ತದೆ. ಅಂಚಿನಿಂದ 4-5 ಮಿ.ಮೀ. ದೂರದಲ್ಲಿ ಚುಚ್ಚಿ, ಸಬ್‌ಮ್ಯೂಕೋಸಾ ಹಿಡಿದು, ಮ್ಯೂಕೋಸಾ ಬಿಟ್ಟು ಹೊರಬನ್ನಿ. ಹೊಲಿಗೆಯಿಂದ ಹೊಲಿಗೆಗೂ ಅಷ್ಟೇ ಅಂತರ. ಮುಂಭಾಗ ಮುಗಿದ ಮೇಲೆ ಸ್ಟೇಗಳನ್ನು ಅದಲುಬದಲು ಮಾಡಿ ತಿರುಗಿಸಿ, ಹಿಂಭಾಗ ಹೊಲಿಯಿರಿ. ಇಷ್ಟು ಅಗಲದ ಕರುಳಿಗೆ ಸುತ್ತಲೂ ಒಂಬತ್ತು ಹತ್ತು ಹೊಲಿಗೆ ಬರುತ್ತವೆ. ಎರಡು ಅಂಚುಗಳು ಒಂದಕ್ಕೊಂದು ತಾಗುವಷ್ಟೇ ಗಂಟು ಬಿಗಿಯಿರಲಿ. ನೂಲು ಗೋಡೆಯೊಳಗೆ ಹೂತುಹೋಗಿ ಎರಡೂ ಪಕ್ಕ ಬೆಳ್ಳಗೆ ಉಬ್ಬಿದರೆ ಬಿಗಿ ಹೆಚ್ಚಾಯಿತು ಎಂದರ್ಥ. ಜೀವಂತ ಕರುಳಿನಲ್ಲಿ ಅಲ್ಲಿಗೆ ರಕ್ತ ಹರಿಯುವುದಿಲ್ಲ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಲೆಕ್ಕದಲ್ಲಿ ಅಭ್ಯಾಸದ ಮುಖ್ಯ ಭಾಗ ಇಲ್ಲಿಂದ ಶುರು, ಏಕೆಂದರೆ ರೋಗಿಯ ಕರುಳನ್ನು ಹೊಲಿದ ಮೇಲೆ ಬಿಚ್ಚಿ ನೋಡುವ ಹಾಗಿಲ್ಲ.

ಮೊದಲು ಸೋರಿಕೆ ಪರೀಕ್ಷೆ. ರೈಲ್ಸ್ ಟ್ಯೂಬಿನ (ಮೂಗಿನಿಂದ ಹೊಟ್ಟೆಗೆ ಹಾಕುವ ನಳಿಕೆಯ) ತೂತಿರುವ ತುದಿಯನ್ನು ಕತ್ತರಿಸಿ ಬಿಸಾಡಿ, ಉಳಿದದ್ದನ್ನು ಕರುಳಿನ ಒಂದು ಕೊನೆಗೆ ತೂರಿಸಿ ದಪ್ಪ ನೂಲಿನಿಂದ ಕಟ್ಟಿ. ಇನ್ನೊಂದು ಕೊನೆಗೆ ಕ್ಲ್ಯಾಂಪ್. ಟ್ಯೂಬಿನ ಮೇಲ್ತುದಿಗೆ 50 ಎಂಎಲ್ ಸಿರಿಂಜ್, ಪಿಸ್ಟನ್ ತೆಗೆದದ್ದು. ಅದರೊಳಗೆ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ನೀರು. ನೀರಿನ ಮಟ್ಟ ಕರುಳಿಗಿಂತ 20 ಸೆಂ.ಮೀ. ಮೇಲಿರುವಂತೆ ಒಂದು ನಿಮಿಷ ಹಿಡಿದು, ಆಮೇಲೆ 30ಕ್ಕೆ ಏರಿಸಿ. ಸಿರಿಂಜನ್ನು ಕೈಯಿಂದ ಒತ್ತಿ ನೀರು ತುಂಬುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಒತ್ತಡ ಎಷ್ಟಿತ್ತೆಂದು ಗೊತ್ತಾಗುವುದಿಲ್ಲ, ಒಬ್ಬರ ಕೆಲಸವನ್ನು ಇನ್ನೊಬ್ಬರದರೊಂದಿಗೆ ಹೋಲಿಸಲೂ ಆಗುವುದಿಲ್ಲ. ಸೂಜಿ ತೂತಿನಲ್ಲಿ ನೀಲಿ ಹನಿ ನಿಧಾನವಾಗಿ ಮೂಡಿದರೆ ಚಿಂತೆಯಿಲ್ಲ. ಎರಡು ಹೊಲಿಗೆಗಳ ನಡುವಿನಿಂದ ನೀರು ಎಳೆಯಾಗಿ ಚಿಮ್ಮಿದರೆ ಅಂತರ ಹೆಚ್ಚಾಗಿದೆ, ಇಲ್ಲವೇ ಮ್ಯೂಕೋಸಾ ಹೊರಗೆ ಇಣುಕಿದೆ. ಹೆಚ್ಚಾಗಿ ಚಿಮ್ಮುವುದು ಮೆಸೆಂಟರಿ ಬದಿಯಲ್ಲಿ. ಕೊಬ್ಬು ಅಡ್ಡ ಬಂದು ಅಂಚು ಕಾಣದೆ ಸೂಜಿ ಬರೀ ಕೊಬ್ಬನ್ನು ಹಿಡಿದಿರುತ್ತದೆ.

ಬಳಿಕ ಮೆಸೆಂಟರಿಯ ಎದುರು ಬದಿಯಲ್ಲಿ ಉದ್ದಕ್ಕೆ ಸೀಳಿ, ಹಲಗೆಯ ಮೇಲೆ ಪಿನ್ ಹೊಡೆದು ಹರಡಿ. ಮೂರು ಸಂಗತಿ ನೋಡಬೇಕು. ಮುಂದಿನ ಗೋಡೆಯ ಹೊಲಿಗೆ ಹಿಂದಿನ ಗೋಡೆಯನ್ನೂ ಹಿಡಿದುಬಿಟ್ಟಿದೆಯೇ? ಹಾಗಾಗಿದ್ದರೆ ನೀರು ಒಂದು ಹನಿಯೂ ಸೋರದಿರಬಹುದು, ಆದರೆ ದಾರಿ ಕಟ್ಟಿರುತ್ತದೆ. ಒಳಕ್ಕೆ ಮಡಚಿದ ಅಂಚು ದಪ್ಪ ದಂಡೆಯಂತಿದೆಯೇ? ಕಚ್ಚು (ಅಂಚಿನಿಂದ ಸೂಜಿ ಚುಚ್ಚಿದ ದೂರ) ದೊಡ್ಡದಾದರೆ ಹಾಗಾಗುತ್ತದೆ, ದಾರಿ ಕಿರಿದಾಗುತ್ತದೆ. ನೂಲು ಮ್ಯೂಕೋಸಾದ ಮೇಲೆ ಎಷ್ಟು ಕಡೆ ಕಾಣುತ್ತದೆ? ಸೋರಿಕೆ ಪರೀಕ್ಷೆಯಲ್ಲಿ ಪಾಸಾದ ಜೋಡಣೆಯನ್ನೂ ನಾನು ಸೀಳಿಸದೆ ಬಿಡುವುದಿಲ್ಲ.

ಅಂಕಕ್ಕೆ ಟೊರೊಂಟೊದ ಶಸ್ತ್ರವೈದ್ಯರು ಕೈಚಳಕ ಅಳೆಯಲು ರೂಪಿಸಿದ ಓಸ್ಯಾಟ್ಸ್ (OSATS) ಪಟ್ಟಿ ಸಾಕು: ಏಳು ಅಂಶ, ಒಂದೊಂದಕ್ಕೂ ಒಂದರಿಂದ ಐದು. 1997ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮೇಜಿನ ಮಾದರಿಯ ಮೇಲಿನ ಪರೀಕ್ಷೆಯೂ ಜೀವಂತ ಪ್ರಾಣಿಯ ಮೇಲಿನದೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಆದರೆ ಬೋಟಿಯಲ್ಲಿ ರಕ್ತವಿಲ್ಲ, ಎಳೆತವಿಲ್ಲ. ಕತ್ತರಿಸಿದ ಅಂಚು ಜೀವಂತವಾಗಿದೆಯೇ, ಎಳೆಯದೆ ಕೂಡುತ್ತದೆಯೇ ಎಂದು ನಿರ್ಧರಿಸುವುದನ್ನು ಆಪರೇಷನ್ ಥಿಯೇಟರಿನಲ್ಲಿ (ಓಟಿಯಲ್ಲಿ) ಹಿರಿಯರ ಪಕ್ಕ ನಿಂತೇ ಕಲಿಯಬೇಕು.

ಅವಧಿ ಮೀರಿದ ನೂಲನ್ನು ಅಭ್ಯಾಸಕ್ಕೆ ತರುವುದಾದರೆ ಪ್ಯಾಕೆಟ್ಟಿನ ಮೇಲೆ ಕೆಂಪು ಗುರುತು ಹಾಕಿ. ಅದು ಓಟಿಗೆ ಮರಳಬಾರದು. ಉಪಕರಣಗಳೂ ಪ್ರತ್ಯೇಕ. ಗ್ಲೌಸ್ ಕಡ್ಡಾಯ. ಸೂಜಿಗಳು ಬಿಳಿ ಡಬ್ಬಿಗೆ, ಕರುಳು ಹಳದಿ ಚೀಲಕ್ಕೆ, ಮೇಜನ್ನು ಸೋಂಕು ಕಳೆಯುವ ಹೈಪೋಕ್ಲೋರೈಟ್ ದ್ರಾವಣದಲ್ಲಿ ಒರೆಸಿಯೇ ಹೊರಡಬೇಕು.