ತೋಟದ ರೈಟರ್ ಮೇಜಿಗೆ ಬಂದ ಕ್ರಿಸ್‌ಮಸ್ ಇಂಕು

ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಡಿಸೆಂಬರ್ ಬಂತೆಂದರೆ ಅರೇಬಿಕಾ ಹಣ್ಣಿನ ಕೊಯ್ಲು. ಹಗಲೆಲ್ಲ ತೂಕ, ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಬಟವಾಡೆ. ಅವೆಲ್ಲ ಬಾಲ್ ಪೆನ್ನಿನ ಕೆಲಸ. ಕಾರ್ಬನ್ ಹಾಳೆಯ ಕೆಳಗಿನ ಪ್ರತಿಗೂ ಅಕ್ಷರ ಇಳಿಯಬೇಕೆಂದರೆ ಒತ್ತಿ ಬರೆಯಲೇಬೇಕು, ಹಾಗೆ ಒತ್ತಿದರೆ ಇಂಕ್ ಪೆನ್ನಿನ ನಿಬ್ಬು ಕಾಲು ಚಾಚಿ ಮಲಗುತ್ತದೆ. ಹಾಗಾಗಿ ಇಂಕ್ ಪೆನ್ನು ನನಗೆ ರಾತ್ರಿ ಊಟವಾದ ಮೇಲಿನ ಸಂಗಾತಿ.

ಅಕ್ಕನ ಮಗಳು ಇಂಗ್ಲೆಂಡಿನಿಂದ ಬರುವಾಗ ಒಂದು ದೊಡ್ಡ ಪೆಟ್ಟಿಗೆ ತಂದಳು. ಲಿವರ್‌ಪೂಲಿನ ಡಯಮೈನ್ ಕಂಪನಿಯದು. 1864ರಿಂದ ಇಂಕಿನ ವ್ಯವಹಾರದಲ್ಲಿರುವ ಈ ಕಂಪನಿ 2019ರಲ್ಲಿ ಮೊದಲ ಬಾರಿಗೆ ಇಂಥ ಪೆಟ್ಟಿಗೆ ಮಾಡಿತು. ಡಿಸೆಂಬರ್ 1ರಿಂದ ಕ್ರಿಸ್‌ಮಸ್‌ವರೆಗೆ ದಿನಕ್ಕೊಂದು ಪುಟ್ಟ ಬಾಗಿಲು. 24 ಬಾಗಿಲುಗಳ ಹಿಂದೆ 7 ಮಿಲಿಲೀಟರಿನ ಸೀಸೆಗಳು, 25ನೆಯದರ ಹಿಂದೆ 30 ಮಿಲಿಲೀಟರಿನದು. ನನಗೆ ಸಿಕ್ಕಿದ್ದು ಆ ಮೊದಲ ವರ್ಷದ ಪೆಟ್ಟಿಗೆಯೇ. "ಮಾವ, ಎಲ್ಲವನ್ನೂ ಒಟ್ಟಿಗೆ ತೆಗೆದುಬಿಡಬೇಡಿ" ಎಂದು ಮೊದಲೇ ಎಚ್ಚರಿಸಿದ್ದಳು. ನಮ್ಮ ಮನೆಯಲ್ಲಿ ನವರಾತ್ರಿಯ ಸರಸ್ವತಿ ಪೂಜೆಗೆ ಪುಸ್ತಕದ ಜೊತೆ ಪೆನ್ನನ್ನೂ ಇಟ್ಟು, ವಿಜಯದಶಮಿಯವರೆಗೆ ಒಂದಕ್ಷರವನ್ನೂ ಬರೆಯುವುದಿಲ್ಲ. ಅವರು ಹಬ್ಬಕ್ಕೆಂದೇ ಇಂಕು ಮಾಡುತ್ತಾರೆ, ನಾವು ಹಬ್ಬಕ್ಕೆ ಪೆನ್ನಿಗೆ ರಜೆ ಕೊಡುತ್ತೇವೆ. (ಪೂಜೆಗೆ ಇಡುವ ಮುನ್ನ ಪೆನ್ನನ್ನು ಖಾಲಿ ಮಾಡಿ ತೊಳೆದಿಡಿ. ದೇವಿ ಒಲಿದರೂ ಒಣಗಿದ ಇಂಕು ಒಲಿಯುವುದಿಲ್ಲ.)

ಹೊಸ ಇಂಕು ಬಂದರೆ ಬಹಳ ಜನ ದಪ್ಪ ಹಾಳೆಯ ಮೇಲೆ ಕುಂಚದಿಂದ ಒಂದು ಪಟ್ಟಿ ಎಳೆದು ಮೆಚ್ಚಿಕೊಳ್ಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ನಾನು ಬರೆಯುವುದು ಕನ್ನಡ. ಕನ್ನಡದ ಅಕ್ಷರದಲ್ಲಿ ಇಂಕು ಹೇಗೆ ನಿಲ್ಲುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ. ಅದಕ್ಕಾಗಿ ಎರಡು ಪೆನ್ನು ಇಟ್ಟುಕೊಂಡೆ: ಒಂದು ಮೀಡಿಯಂ ನಿಬ್ಬಿನದು, ಇನ್ನೊಂದು 1.1 ಮಿಲಿಮೀಟರಿನ ಚಪ್ಪಟೆ ತುದಿಯ ಸ್ಟಬ್. ಎರಡೂ ಕನ್ವರ್ಟರ್ (ಒಳಗೆ ಇಂಕು ತುಂಬಿಕೊಳ್ಳುವ ಪುಟ್ಟ ಕೊಳವೆ) ಇರುವ ಅಗ್ಗದ ಪೆನ್ನುಗಳೇ. ಗಟ್ಟಿ ರಬ್ಬರಿನ, ಅಂದರೆ ಎಬೊನೈಟಿನ ನನ್ನ ಹಳೆಯ ಐಡ್ರಾಪರ್ ಪೆನ್ನು (ಒಡಲಿಗೇ ನೇರವಾಗಿ ಇಂಕು ತುಂಬುವಂಥದ್ದು) ಒಂದು ಸಲಕ್ಕೆ ಎರಡು ಮೂರು ಮಿಲಿಲೀಟರ್ ಕುಡಿಯುತ್ತದೆ, 7 ಮಿಲಿಲೀಟರಿನ ಸೀಸೆಗೆ ಅದು ಸರಿಹೊಂದದು. ಸೀಸೆ ಗಿಡ್ಡ; ನಿಬ್ಬನ್ನು ಪೂರ್ತಿ ಮುಳುಗಿಸುವಷ್ಟು ಆಳವಿಲ್ಲ. ಔಷಧಿ ಅಂಗಡಿಯ ಸಿರಿಂಜಿನಿಂದ ಇಂಕನ್ನು ಎಳೆದು ಕನ್ವರ್ಟರಿಗೆ ತುಂಬಿದರೆ ಒಂದು ಹನಿಯೂ ವ್ಯರ್ಥವಾಗುವುದಿಲ್ಲ.

ಹಾಳೆಗಳು ಮೂರು ಬಗೆಯವು: ಪೇಟೆಯ ಸ್ಟೇಷನರಿ ಅಂಗಡಿಯ ಗೆರೆಯಿರುವ ಲಾಂಗ್ ಬುಕ್, ಅಂಚೆ ಕಾರ್ಡು, ಅಕ್ಕನ ಮಗಳೇ ತಂದ ಜಪಾನಿನ ತೆಳುವಾದ ಟೊಮೊಯೆ ರಿವರ್ ಹಾಳೆ. ಬರೆಯುವ ಪದಗಳು ಪ್ರತಿ ಬಾರಿಯೂ ಅವೇ. 'ಲಕ್ಷ್ಮೀ' ಕಡ್ಡಾಯ. ಕ ಅಕ್ಷರದ ಕೆಳಗೆ ಷ ಒತ್ತು, ಅದರ ಪಕ್ಕ ಮ ಒತ್ತು; ಸ್ಟಬ್ ನಿಬ್ಬಿನಲ್ಲಿ ಇಂಕು ಸ್ವಲ್ಪ ಧಾರಾಳವಾಗಿ ಇಳಿದರೂ ಆ ಒತ್ತುಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಲಾಂಗ್ ಬುಕ್ಕಿನ ಹಾಳೆಯಲ್ಲಂತೂ ಇಂಕು ನಾರಿನ ಉದ್ದಕ್ಕೂ ಹರಡಿ, ಅಕ್ಷರದ ಅಂಚಿಗೆ ರೋಮ ಹುಟ್ಟಿದಂತೆ ಕಾಣುತ್ತದೆ.

ಪೆಟ್ಟಿಗೆಯಲ್ಲಿ ಮುಖ್ಯವಾಗಿ ಮೂರು ಜಾತಿ. ಒಂದು ಸಾದಾ ಇಂಕು. ಇನ್ನೊಂದು ಶೀನ್: ಒಣಗಿದ ಮೇಲೆ ಬೇರೆಯೇ ಬಣ್ಣದ ಹೊಳಪು ಕೊಡುವುದು. ಮೂರನೆಯದು ಶಿಮ್ಮರ್: ಮಿನುಗುವ ಸಣ್ಣ ಕಣಗಳನ್ನು ಬೆರೆಸಿದ್ದು. ಶೀನ್ ಮತ್ತು ಶಿಮ್ಮರ್ ಎರಡೂ ಕೂಡಿದ ಸೀಸೆಗಳೂ ಕೆಲವು ಇವೆ.

ಹೋಲಿ (Holly) ಎಂಬ ಹಸಿರು ಶೀನ್ ಇಂಕಿನ ಮುಂದೆ ನಾನು ಹೆಚ್ಚು ಹೊತ್ತು ಕುಳಿತೆ. ಒದ್ದೆ ಇರುವಾಗ ಅದು ಕಪ್ಪಿಗೆ ಹತ್ತಿರದ ಹಸಿರು. ಕನ್ನಡ ಬರೆಯುವಾಗ ತಲೆಕಟ್ಟಿನ ತುದಿಯಲ್ಲಿ ಪೆನ್ನು ಕ್ಷಣ ನಿಂತು ಮೇಲೇಳುತ್ತದೆ; ಇಂಕು ಮಡುಗಟ್ಟುವುದು ಅಲ್ಲಿಯೇ. ಟೊಮೊಯೆ ರಿವರ್ ಹಾಳೆಯಲ್ಲಿ ಒಣಗಿದ ಮೇಲೆ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದರೆ, ಅಕ್ಷರ ಹಸಿರಾಗಿಯೇ ಇದ್ದು ತಲೆಕಟ್ಟುಗಳ ತುದಿ ಮಾತ್ರ ಕೆಂಪಗೆ ಹೊಳೆಯುತ್ತಿತ್ತು. ಸಾಲಿನ ಮೇಲ್ಭಾಗದಲ್ಲೆಲ್ಲ ಕೆಂಪು ಚುಕ್ಕೆ. ಇಂಗ್ಲಿಷ್ ಬರಹದಲ್ಲಿ ಈ ಹೊಳಪು ಅಲ್ಲೊಂದು ಇಲ್ಲೊಂದು ಚದುರಿರುತ್ತದೆ. ಕನ್ನಡದಲ್ಲಿ ಅದಕ್ಕೆ ಗೊತ್ತಾದ ಜಾಗವೇ ಇದೆ. ಬಣ್ಣದ ಅಂಶ ಹಾಳೆಯೊಳಗೆ ಇಳಿಯದೆ ಮೇಲೆಯೇ ದಟ್ಟವಾಗಿ ಒಣಗಿದರೆ ಮಾತ್ರ ಶೀನ್ ಕಾಣುವುದು. ಅಂಚೆ ಕಾರ್ಡು ಎಲ್ಲವನ್ನೂ ಹೀರಿಕೊಂಡು ಬರಿಯ ಹಸಿರನ್ನು ಉಳಿಸಿತು. ಆ ಹಸಿರಿಗೂ ಅಕ್ಕ ಸುಮ್ಮನಿರಲಿಲ್ಲ: "ನೀನು ಯಾವಾಗ ಗೆಜೆಟೆಡ್ ಆಫೀಸರ್ ಆದೆಯೋ?"

ಶೀನ್ ಇಂಕಿಗೆ ಮಲೆನಾಡಿನ ಹವೆ ಅಷ್ಟಾಗಿ ಆಗಿಬರುವುದಿಲ್ಲ. ಡಿಸೆಂಬರಿನ ಒಣ ಗಾಳಿಯಲ್ಲಿ ಚೆನ್ನಾಗಿ ಒಣಗಿದ್ದ ಅದೇ ಪುಟ ಜುಲೈ ತಿಂಗಳ ಮಳೆಯಲ್ಲಿ ಬೆರಳಿಗೆ ಅಂಟುತ್ತದೆ. ದಿನಚರಿಯಲ್ಲಿ ಇಂಥ ಇಂಕು ಬಳಸಿದ್ದರೆ ಎರಡು ಪುಟಗಳ ನಡುವೆ ಬ್ಲಾಟಿಂಗ್ ಪೇಪರ್ ಇಡಿ.

ಶಿಮ್ಮರ್ ಬಗ್ಗೆ ನನಗಿರುವ ಉತ್ಸಾಹ ಕಡಿಮೆ. ಸ್ನೋ ಸ್ಟಾರ್ಮ್ ಎಂಬುದು ಬೂದು ಇಂಕಿನಲ್ಲಿ ಬೆಳ್ಳಿಯ ಕಣ. ಸೀಸೆಯನ್ನು ಅಲುಗಾಡದಂತೆ ಇಟ್ಟರೆ ಕಣಗಳೆಲ್ಲ ತಳದಲ್ಲಿ ಕೂರುತ್ತವೆ, ಮೇಲೆ ಉಳಿಯುವುದು ಬರೀ ಬೂದು. ತುಂಬುವ ಮೊದಲು ಸೀಸೆಯನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ. ಪೆನ್ನಿನಲ್ಲೂ ಅದೇ ಕಥೆ. ಜೇಬಿನಲ್ಲಿ ನಿಬ್ಬು ಮೇಲಾಗಿ ನಿಂತ ಪೆನ್ನು ಮೊದಲ ಎರಡು ಸಾಲು ಮಿನುಗಿಲ್ಲದೆ ಬರೆದು, ಆಮೇಲೆ ಒಮ್ಮೆಲೇ ಬೆಳ್ಳಿ ಸುರಿಯುತ್ತದೆ. ಸಣ್ಣ ನಿಬ್ಬಿನಲ್ಲಿ ಕಣಗಳು ಫೀಡಿನ (ನಿಬ್ಬಿಗೆ ಇಂಕು ಹರಿಸುವ ಕೆಳಭಾಗ) ಸಂದುಗಳಲ್ಲಿ ಕೂತು ಹರಿವು ಕಟ್ಟುತ್ತದೆ. ಸ್ಟಬ್ ನಿಬ್ಬಿನಲ್ಲಿ ಪರವಾಗಿಲ್ಲ. ಒಂದು ವಾರಕ್ಕಿಂತ ಹೆಚ್ಚು ಇಂಥ ಇಂಕನ್ನು ಪೆನ್ನಿನಲ್ಲಿ ಬಿಡುವುದಿಲ್ಲ ಎಂದು ನಾನು ನಿಯಮ ಮಾಡಿಕೊಂಡಿದ್ದೇನೆ. ತೊಳೆಯುವುದಕ್ಕೆ ತಣ್ಣೀರು, ಬೇಕಾದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ. ಬಿಸಿನೀರು ಬೇಡ. ಇಷ್ಟೆಲ್ಲ ಉಪಚಾರದ ನಂತರ ಬರುವ ಮಿನುಗು ಶುಭಾಶಯ ಪತ್ರದಲ್ಲಿ ಹೆಸರು ಬರೆಯುವುದಕ್ಕೆ ಚೆಂದ, ನಾಲ್ಕು ಪುಟದ ಕಾಗದಕ್ಕೆ ಕಣ್ಣುರಿ.

ಕೆಂಪುಗಳ ವಿಷಯ ಬೇಗ ಮುಗಿಸುತ್ತೇನೆ. ಪಾಯಿನ್‌ಸೆಟಿಯಾ ಎಂಬ ಹೆಸರಿನದೊಂದು ಇದೆ. ನಮ್ಮ ತೋಟದ ಗೇಟಿನ ಪಕ್ಕ ಆ ಗಿಡವೇ ಇದೆ. ಡಿಸೆಂಬರಿನಲ್ಲಿ ಅದರ ತುದಿಯ ಎಲೆಗಳು ಕೆಂಪಾಗುತ್ತವೆ, ನಿಜವಾದ ಹೂವು ನಡುವಿನ ಹಳದಿ ಗುಂಡುಗಳಷ್ಟೇ. ಒಂದು ಎಲೆ ಕಿತ್ತು ಪಕ್ಕದಲ್ಲಿಟ್ಟು ನೋಡಿದೆ. ಒದ್ದೆ ಇಂಕು ಎಲೆಯ ಕೆಂಪಿಗೆ ಹತ್ತಿರ, ಒಣಗಿದ ಇಂಕು ಅಂಗಳದಲ್ಲಿ ಎರಡು ದಿನ ಬಿಸಿಲು ಕಂಡ ಕಾಫಿ ಹಣ್ಣಿಗೆ ಹತ್ತಿರ. ಕೆಂಪಿನಲ್ಲಿ ಪೂರ್ತಿ ಕಾಗದ ಬರೆದರೆ ನಮ್ಮ ಕಡೆ ಓದುವವರಿಗೆ ಹಿಡಿಸುವುದಿಲ್ಲ. ಮೇಷ್ಟ್ರು ತಿದ್ದಿದ ಉತ್ತರಪತ್ರಿಕೆಯ ನೆನಪೂ ಬರುತ್ತದೆ. ಪಾರದರ್ಶಕ ಕನ್ವರ್ಟರಿನಲ್ಲಿ ಕೆಂಪು ತನ್ನ ಕಲೆಯನ್ನು ಬಿಟ್ಟೇ ಹೋಗುತ್ತದೆ.

ಕೊನೆಗೆ ನನ್ನ ಕೈಗೆ ಒಗ್ಗಿದ್ದು ಯಾರೂ ಹೊಗಳದ ಸಾದಾ ಬಣ್ಣಗಳು. ಟ್ರಿಪಲ್ ಚಾಕೊಲೇಟ್ ಎಂಬ ಕಂದು ಹೆಸರಿಗಷ್ಟೇ ಹಬ್ಬದ್ದು. ಮೀಡಿಯಂ ನಿಬ್ಬಿನಲ್ಲಿ ಒತ್ತುಗಳ ಹೊಟ್ಟೆ ತೆರೆದಿರುತ್ತದೆ, ಲಾಂಗ್ ಬುಕ್ಕಿನಲ್ಲೂ ಹೆಚ್ಚು ಹರಡುವುದಿಲ್ಲ, ಬೆಳಿಗ್ಗೆ ಮುಚ್ಚಳ ತೆಗೆದರೆ ಮೊದಲ ಅಕ್ಷರದಿಂದಲೇ ಬರೆಯುತ್ತದೆ. ಸಂಕ್ರಾಂತಿಯ ಪತ್ರಗಳನ್ನೆಲ್ಲ ಅದರಲ್ಲೇ ಬರೆದೆ. ಲಕೋಟೆಯ ಮೇಲಿನ ವಿಳಾಸಕ್ಕೆ ಮಾತ್ರ ಬಾಲ್ ಪೆನ್ನು. ಇಂಥ ಇಂಕುಗಳೆಲ್ಲ ನೀರಿಗೆ ಕರಗುವಂಥವು. ಒಂದು ಹನಿ ಬಿದ್ದರೆ ಅಂಚೆಯಣ್ಣನಿಗೆ ಊರೂ ಸಿಗುವುದಿಲ್ಲ, ಪಿನ್ ಕೋಡೂ ಸಿಗುವುದಿಲ್ಲ.

ಆ ವರ್ಷದ ಬಣ್ಣಗಳನ್ನು ಕಂಪನಿ ಆಮೇಲೆ 50 ಮಿಲಿಲೀಟರಿನ ಬಿಡಿ ಸೀಸೆಗಳಲ್ಲೂ ಮಾರಾಟಕ್ಕೆ ತಂದಿತು. ಮುಂದಿನ ಸಲ ಬರುವಾಗ ಪೆಟ್ಟಿಗೆ ಬೇಡ, ಹೋಲಿ ಒಂದು, ಟ್ರಿಪಲ್ ಚಾಕೊಲೇಟ್ ಒಂದು ತಂದರೆ ಸಾಕೆಂದು ಅಕ್ಕನ ಮಗಳಿಗೆ ಹೇಳಿದ್ದೇನೆ. "ಹಾಗಾದರೆ ಉಳಿದ ಬೆಳ್ಳಿ, ಬಂಗಾರದ ಸೀಸೆಗಳೆಲ್ಲ ನನಗೆ" ಎಂದಳು. ಕೊಟ್ಟುಬಿಟ್ಟೆ. ಜೊತೆಗೆ ಸ್ಟಬ್ ಪೆನ್ನನ್ನೂ.