ಬೇಸಿಗೆ ರಜೆಗೆ ಒಂದು ಕಾವು ಕೋಳಿ: ಮಕ್ಕಳ ಕೈಗೆ ಕೊಡುವುದು ಹೇಗೆ?

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಎರಡು ಮೂರು ಎಕರೆ ಇರುವ ಮನೆಗಳಲ್ಲಿ ಮಕ್ಕಳಿಗೆ ಕೆಲಸಕ್ಕೇನೂ ಬರ ಇಲ್ಲ. ಸೀಮೆ ಹಸುವಿಗೆ ನೀರಿಡು, ಮೇಕೆಗೆ ಸೊಪ್ಪು ಹಾಕು, ಟೊಮೆಟೊ ಬಾಕ್ಸ್ ಎತ್ತಿಡು. ಎಲ್ಲವೂ ತುಂಡು ಕೆಲಸ. ಶುರುವಿನಿಂದ ಕೊನೆಯವರೆಗೆ ಮಗುವಿನದೇ ಆದ ಒಂದು ಕೆಲಸ ಕೊಡಬೇಕೆಂದರೆ ಕಾವಿಗೆ ಬಂದ ನಾಟಿ ಕೋಳಿ ಸರಿಯಾದ ಆಯ್ಕೆ. ಬರೀ 21 ದಿನದ ಲೆಕ್ಕ. ಏಪ್ರಿಲ್‌ನಲ್ಲಿ ಕೂರಿಸಿದರೆ ರಜೆ ಮುಗಿಯುವ ಮೊದಲೇ ಪಿಳ್ಳೆಗಳು ಅಂಗಳದಲ್ಲಿ ಓಡಾಡುತ್ತಿರುತ್ತವೆ.

ಯಾವ ಕೋಳಿ, ಯಾವ ಮೊಟ್ಟೆ

ನಾಟಿ ಹ್ಯಾಟೆಯೇ (ಹೆಣ್ಣು ಕೋಳಿ) ಬೇಕು. ಹೆಬ್ಬಾಳದ ಗಿರಿರಾಜ ತಳಿಯ ಕೋಳಿ ಮೊಟ್ಟೆ ಚೆನ್ನಾಗಿ ಇಡುತ್ತದೆ, ಆದರೆ ಕಾವಿಗೆ ಅದನ್ನು ನಂಬಬೇಡಿ. ನಾಟಿ ಕೋಳಿ ಹತ್ತು ಹದಿನೈದು ಮೊಟ್ಟೆ ಇಟ್ಟ ಮೇಲೆ ಗೂಡು ಬಿಟ್ಟು ಏಳದೆ, ಹತ್ತಿರ ಹೋದರೆ ಗರಿ ಕೆದರಿ ಗುರ್ ಅನ್ನುತ್ತಿದ್ದರೆ ಕಾವಿಗೆ ಬಂದಿದೆ ಎಂದು ತಿಳಿಯಿರಿ.

ಒಂದು ಕೋಳಿಗೆ 10ರಿಂದ 12 ಮೊಟ್ಟೆ ಸಾಕು. ಜಾಸ್ತಿ ಆದರೆ ಅಂಚಿನವಕ್ಕೆ ಕಾವು ತಲುಪುವುದಿಲ್ಲ. ಬೇಸಿಗೆಯಲ್ಲಿ ಐದಾರು ದಿನಕ್ಕಿಂತ ಹಳೆಯ ಮೊಟ್ಟೆ ಬೇಡ. ಅಲ್ಲಿಯವರೆಗೆ ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಡಿ. ಫ್ರಿಜ್ ಬೇಡ, ತೊಳೆಯುವುದೂ ಬೇಡ. ತೊಳೆದರೆ ಚಿಪ್ಪಿನ ಮೇಲಿನ ರಕ್ಷಣೆಯ ಪದರ ಹೋಗುತ್ತದೆ. ಅಂಗಡಿಯ ಫಾರಂ ಮೊಟ್ಟೆ ಇಟ್ಟರೆ ಮರಿ ಬರುತ್ತಾ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಬರುವುದಿಲ್ಲ, ಅಲ್ಲಿ ಹುಂಜ ಇರುವುದಿಲ್ಲ. ಮುಂದಿನ ಪ್ರಶ್ನೆಗೆ ನೀವೇ ತಯಾರಾಗಿರಿ!

ಕೂರಿಸುವುದು

ಅಗಲವಾದ ಮಂಕರಿ. ತಳಕ್ಕೆ ಒಲೆಯ ಬೂದಿ, ಒಣಗಿದ ಬೇವಿನ ಸೊಪ್ಪು, ಮೇಲೆ ರಾಗಿ ಹುಲ್ಲು. ಬೂದಿ, ಬೇವು ಹೇನಿನ ಕಾಟ ತಗ್ಗಿಸಲು. ಕತ್ತಲು ಕತ್ತಲಾದ, ನಾಯಿ ಬೆಕ್ಕು ಬಾರದ ಮೂಲೆಯಲ್ಲಿಡಿ. ಪ್ರತಿ ಮೊಟ್ಟೆಯ ಮೇಲೂ ಮಗು ಪೆನ್ಸಿಲ್‌ನಲ್ಲಿ ತಾರೀಖು ಬರೆಯಲಿ. ಎಲ್ಲವನ್ನೂ ಒಂದೇ ದಿನ, ಸಂಜೆ ಹೊತ್ತು ಇಡಬೇಕು. ಆಮೇಲೆ ಬೇರೆ ಕೋಳಿ ಬಂದು ಇಟ್ಟುಹೋದ ಮೊಟ್ಟೆ ಗುರುತಿಲ್ಲದ್ದರಿಂದಲೇ ಸಿಕ್ಕಿಬೀಳುತ್ತದೆ.

ದಿನಕ್ಕೊಮ್ಮೆ ಕೋಳಿ ಎದ್ದು ಕಾಳು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ ಹದಿನೈದಿಪ್ಪತ್ತು ನಿಮಿಷದಲ್ಲಿ ವಾಪಸ್ ಬರುತ್ತದೆ. ಆ ಹೊತ್ತಿಗೆ ರಾಗಿ, ಜೋಳದ ನುಚ್ಚು, ತಣ್ಣೀರು ರೆಡಿ ಇಡುವುದು ಮಗುವಿನ ಪಾಲು. ಎರಡು ದಿನ ಮರೆತರೆ ಏನಾಗುತ್ತದೆ ಅಂತ ಮೊದಲೇ ಹೇಳಿಬಿಡಿ. ಆದರೂ ನೀವು ಕದ್ದು ನೋಡುತ್ತಿರಿ. ಕೋಳಿಗೆ ಶಿಕ್ಷೆ ಕೊಟ್ಟು ಮಗುವಿಗೆ ಪಾಠ ಕಲಿಸುವ ಹಾಗಿಲ್ಲ.

ಏಳನೇ ರಾತ್ರಿ

ಮಕ್ಕಳು ಕಾಯುವುದು ಇದಕ್ಕೇ. ಲೈಟ್ ಆರಿಸಿ, ಮೊಟ್ಟೆಯ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಮರಿ ಕಟ್ಟಿದ್ದರೆ ಜೇಡರ ಬಲೆಯಂತೆ ಕೆಂಪು ನರಗಳು, ನಡುವೆ ಒಂದು ಕಪ್ಪು ಚುಕ್ಕೆ ಕಾಣುತ್ತವೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಬರಡು, ತೆಗೆದುಬಿಡಿ. ಒಂದೊಂದಕ್ಕೂ ಕೆಲವೇ ಸೆಕೆಂಡ್ ಸಾಕು. 18ನೇ ದಿನದ ಮೇಲೆ ಯಾರೂ ಮಂಕರಿ ಮುಟ್ಟಬಾರದು.

ಇಪ್ಪತ್ತೊಂದನೇ ದಿನ ಚಿಪ್ಪು ಬಿರಿಯುವಾಗ ಸಹಾಯ ಮಾಡುವ ಆಸೆ ಬರುತ್ತದೆ. ಬೇಡ. ಚಿಪ್ಪು ಬಿಡಿಸಲು ಹೋದರೆ ರಕ್ತ ಬಂದು ಮರಿ ಸಾಯಬಹುದು. ಹುಟ್ಟಿದ ಪಿಳ್ಳೆಯ ಹೊಟ್ಟೆಯಲ್ಲಿ ಭಂಡಾರದ (ಮೊಟ್ಟೆಯ ಹಳದಿ) ಅಂಶ ಇನ್ನೂ ಇರುತ್ತದೆ, ಒಂದು ದಿನ ತಿನ್ನದಿದ್ದರೂ ತೊಂದರೆ ಇಲ್ಲ. ಆಮೇಲೆ ಸಣ್ಣ ನುಚ್ಚು. ನೀರಿನ ತಟ್ಟೆಯಲ್ಲಿ ಕಲ್ಲು ಹಾಕಿಡಿ, ಇಲ್ಲದಿದ್ದರೆ ಮುಳುಗುತ್ತವೆ.

ಮೈಮರೆಯಬಾರದ ಕಡೆ

ಪಿಳ್ಳೆ ಮುಟ್ಟಿದ ಕೈ ಸೋಪಿನಿಂದ ತೊಳೆಯಲೇಬೇಕು. ಅವು ಚೆನ್ನಾಗಿ ಕಂಡರೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಹರಡಬಲ್ಲವು. ಐದು ವರ್ಷದೊಳಗಿನವರು ನೋಡಲಿ, ಎಣಿಸಲಿ, ಮುದ್ದಿಸುವುದು ಬೇಡ. ಟೊಮೆಟೊಗೆ ಔಷಧಿ ಹೊಡೆದ ದಿನ ಕೋಳಿಯನ್ನು ತೋಟಕ್ಕೆ ಬಿಡಬೇಡಿ, ಮಕ್ಕಳನ್ನೂ ಅಷ್ಟೇ. ರೇಷ್ಮೆ ಹುಳು ಮನೆ ಇದ್ದರೆ ಅದರ ಬಾಗಿಲು ಭದ್ರ. ಕೋಳಿಗೆ ಹುಳು ಕಂಡರೆ ಹಬ್ಬ.

ಮೊದಲ ವಾರದಲ್ಲೇ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯ ಹನಿ ಕಣ್ಣಿಗೋ ಮೂಗಿಗೋ ಬೀಳಬೇಕು. ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಜಾಸ್ತಿ ಡೋಸ್ ಇರುತ್ತದೆ, ಕಲಸಿದ ಮೇಲೆ ಇಟ್ಟುಕೊಳ್ಳಲಾಗದು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ತರಿಸಿ, ಐಸ್‌ನಲ್ಲಿಟ್ಟು ತನ್ನಿ.

ಹೆಸರಿಡುವ ಮೊದಲು

ಮಕ್ಕಳು ಪಿಳ್ಳೆಗಳಿಗೆಲ್ಲ ಹೆಸರಿಡುತ್ತಾರೆ. ಮುಂದಿನ ಹೊಸತೊಡಕಿಗೆ ಅವುಗಳಲ್ಲೇ ಒಂದು ಹುಂಜ ಸಾರಾಗುತ್ತದೆ ಎಂಬುದು ದೊಡ್ಡವರಿಗೆ ಗೊತ್ತು. 'ಓಡಿಹೋಯ್ತು, ಹದ್ದು ಎತ್ಕೊಂಡು ಹೋಯ್ತು' ಎಂಬ ಸುಳ್ಳು ಬಹಳ ದಿನ ನಡೆಯುವುದಿಲ್ಲ. ಮೊದಲ ದಿನವೇ ಒಪ್ಪಂದ ಮಾಡಿಕೊಳ್ಳಿ: ಮೊಟ್ಟೆಗೆ ಉಳಿಸಿಕೊಳ್ಳುವ ಹ್ಯಾಟೆಗಳಲ್ಲಿ ಒಂದೆರಡು ಮಗುವಿನವು, ಕೇಳದೆ ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಉಳಿದವು ಮನೆಯವು. ಮಾರಿದ ದುಡ್ಡಿನಲ್ಲಿ ಒಂದು ಪಾಲು ಮಗುವಿನ ಕೈಗೆ ಬರಬೇಕು, ಬರೀ ಬಾಯಿ ಮಾತಲ್ಲಿ ಅಲ್ಲ. ಇಷ್ಟೆಲ್ಲ ಹೇಳಿದ ಮೇಲೂ ಹಬ್ಬದ ದಿನ ಮಗು ಸಾರು ಮುಟ್ಟದೆ ಕೂತರೆ ಒತ್ತಾಯ ಬೇಡ, ಗೇಲಿಯೂ ಬೇಡ. ಮೊಸರನ್ನ ಬಡಿಸಿ.